ಔಷಧವನ್ನು ಎಚ್ಚರಿಸುವ ಕಿಣ್ವ

ಸೇವಿಸಿದ ಮದ್ದು ನೇರವಾಗಿ ರೋಗದ ಮೇಲೆರಗುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಕೆಲವು ಮದ್ದುಗಳು ನುಂಗುವಾಗ ನಿದ್ರಿಸುತ್ತಿರುತ್ತವೆ; ಅವುಗಳನ್ನು ಎಚ್ಚರಿಸುವುದು ನಮ್ಮದೇ ಜೀವಕೋಶಗಳ ಕಿಣ್ವಗಳು. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮರ್ಕ್ಯಾಪ್ಟೊಪ್ಯೂರೀನ್ ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದಲ್ಲಿ 1953ರಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಇದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಡಿಎನ್‌ಎ ಕಟ್ಟಲು ಜೀವಕೋಶಕ್ಕೆ ಪ್ಯೂರೀನುಗಳೆಂಬ ವಸ್ತುಗಳು ಬೇಕು. ಬಳಸಿ ಬಿಟ್ಟ ಪ್ಯೂರೀನುಗಳನ್ನೂ ಕೋಶವು ವ್ಯರ್ಥಮಾಡುವುದಿಲ್ಲ. ಎಚ್‌ಜಿಪಿಆರ್‌ಟಿ ಎಂಬ ಕಿಣ್ವವು ಅವುಗಳಿಗೆ ಸಕ್ಕರೆ ಮತ್ತು ಫಾಸ್ಫೇಟುಗಳನ್ನು ಜೋಡಿಸಿ ಪುನಃ ಉಪಯೋಗಕ್ಕೆ ತರುತ್ತದೆ. ಹೈಪೋಕ್ಸಾಂಥೀನ್ ಇಂಥ ಒಂದು ಪ್ಯೂರೀನು. ಅದರ ಆಮ್ಲಜನಕ ಪರಮಾಣುವಿನ ಸ್ಥಾನದಲ್ಲಿ ಗಂಧಕವನ್ನಿಟ್ಟರೆ ಅದೇ ಮರ್ಕ್ಯಾಪ್ಟೊಪ್ಯೂರೀನ್! ಕಿಣ್ವವು ಈ ವೇಷಕ್ಕೆ ಮರುಳಾಗಿ ಅದನ್ನೂ ಜೋಡಿಸುತ್ತದೆ. ಮುಂದೆ ಬೇರೆ ಕಿಣ್ವಗಳ ಕೈದಾಟಿ ಅದು ಡಿಎನ್‌ಎ ಸರಪಳಿಯಲ್ಲಿ ಗ್ವಾನೀನಿನ ಜಾಗವನ್ನು ಆಕ್ರಮಿಸುತ್ತದೆ. ಬಿಡುವಿಲ್ಲದೆ ವಿಭಜಿಸುವ ರೋಗಕಣವು ತಾನೇ ಹೆಣೆದ ಸರಪಳಿಯಿಂದ ನಾಶವಾಗುತ್ತದೆ. ಈ ಕಿಣ್ವವನ್ನು ಕಳೆದುಕೊಂಡ ರೋಗಕಣದೊಳಗೆ ಮದ್ದು ಎಚ್ಚರಗೊಳ್ಳುವುದೇ ಇಲ್ಲ.

ಕೆರೆಯ ನೀರಿಗೆ ಎರಡು ಕಾಲುವೆಗಳಿವೆಯೆನ್ನೋಣ. ಒಂದನ್ನು ಮುಚ್ಚಿದರೆ ನೀರೆಲ್ಲವೂ ಇನ್ನೊಂದರಲ್ಲಿ ನುಗ್ಗುವುದಷ್ಟೆ? ಇಲ್ಲಿಯೂ ಹಾಗೆಯೇ. ಟಿಪಿಎಂಟಿ ಎಂಬ ಮತ್ತೊಂದು ಕಿಣ್ವವು ಮದ್ದಿಗೆ ಮೀಥೈಲ್ ಗುಂಪನ್ನು ಅಂಟಿಸಿ ಅದರ ಒಂದು ಪಾಲನ್ನು ಬೇರೆ ದಾರಿಗೆ ತಿರುಗಿಸುತ್ತದೆ. 1980ರಲ್ಲಿ ಅಮೆರಿಕದ ವೈನ್‌ಶಿಲ್‌ಬೌಮ್ ಮತ್ತು ಸ್ಲೇಡೆಕ್ 298 ಜನರ ಕೆಂಪು ರಕ್ತಕಣಗಳಲ್ಲಿ ಇದನ್ನು ಅಳೆದರು. ಸುಮಾರು 89 ಶೇಕಡಾ ಜನರಲ್ಲಿ ಅದರ ಚಟುವಟಿಕೆ ಹೆಚ್ಚು, 11 ಶೇಕಡಾ ಜನರಲ್ಲಿ ಮಧ್ಯಮ. ಒಬ್ಬರಲ್ಲಿ ಮಾತ್ರ ಅದು ಕಾಣಲೇ ಇಲ್ಲ.

ಆ ಒಬ್ಬರಂಥವರಿಗೆ ವಾಡಿಕೆಯ ಪ್ರಮಾಣವೇ ಪ್ರಾಣಾಂತಿಕ. ತಡೆಯಿಲ್ಲದೆ ಎಚ್ಚೆತ್ತ ಮದ್ದು ಅಸ್ಥಿಮಜ್ಜೆಯ ಆರೋಗ್ಯಕರ ಕಣಗಳನ್ನೂ ಅಳಿಸಿಬಿಡುತ್ತದೆ. ಬಿಳಿಯ ಕಣಗಳು ಕುಸಿದ ದೇಹವು ಸಣ್ಣ ಸೋಂಕಿಗೂ ತುತ್ತಾಗುತ್ತದೆ. ಆದುದರಿಂದ ಅಂಥವರಿಗೆ ಸುಮಾರು ಹತ್ತನೆಯ ಒಂದು ಪಾಲಿನಿಂದಲೇ ಚಿಕಿತ್ಸೆಯನ್ನು ಆರಂಭಿಸುತ್ತಾರೆ.

ಇಲ್ಲೊಂದು ಎಚ್ಚರಿಕೆ. ರೋಗಿಗೆ ಇತ್ತೀಚೆಗೆ ಬೇರೆಯವರ ರಕ್ತ ಕೊಟ್ಟಿದ್ದರೆ, ಅಳತೆಯಲ್ಲಿ ಸಿಗುವುದು ದಾನಿಯ ಕಿಣ್ವವೂ ಆಗಿರಬಹುದು. ಆಗ ಜೀನನ್ನೇ ಪರೀಕ್ಷಿಸುವುದು ಲೇಸು. ಭಾರತವೂ ಸೇರಿದಂತೆ ಏಷ್ಯದ ಜನರಲ್ಲಿ, ಎಚ್ಚೆತ್ತ ಮದ್ದನ್ನು ತಣಿಸುವ ಎನ್‌ಯುಡಿಟಿ15 ಎಂಬ ಇನ್ನೊಂದು ಕಿಣ್ವದ ಜೀನನ್ನೂ ನೋಡಬೇಕು. ಮದ್ದಿನ ಅಳತೆಯನ್ನು ನಿರ್ಧರಿಸಲು ಮಗುವಿನ ತೂಕ, ಎತ್ತರಗಳಷ್ಟೇ ಸಾಲವು.