ಹಾಲುವಾಣದ ಮರದಲ್ಲಿ ಹಕ್ಕಿಗಳ ಒಡನಾಟ: ಛಾಯಾಚಿತ್ರ ತೆಗೆಯುವ ಕ್ರಮ

ಕುಯ್ಲು ಮುಗಿದು ಕಣದ ಕಾಫಿ ಚೀಲ ಸೇರುವ ಹೊತ್ತಿಗೆ ಹೆಬ್ಬೆ ಸುತ್ತಿನ ತೋಟಗಳಲ್ಲಿ ಹಾಲುವಾಣದ ಮರಗಳು ಎಲೆ ಉದುರಿಸಿ ಕೆಂಪು ಹೂ ಬಿಡುತ್ತವೆ. ಬೆಳಗಿನ ಮಂಜು ಕರಗುತ್ತಿದ್ದಂತೆ ಕಾಜಾಣ, ಗೊರವಂಕ, ಪಿಕಳಾರ, ಎಲೆಹಕ್ಕಿ, ಸೂರಕ್ಕಿಗಳೆಲ್ಲ ಒಂದೇ ಮರಕ್ಕೆ ಬಂದು ಸೇರುತ್ತವೆ. ಅಲ್ಲಿ ನಡೆಯುವ ಜಗಳ, ಓಲೈಕೆ, ಅಟ್ಟಾಟಗಳನ್ನು ನಾವು ದಿನವೂ ಕಾಣುತ್ತೇವೆ, ಆದರೆ ನಿಂತು ನೋಡುವುದು ಕಡಿಮೆ. ಈಗ ಅನೇಕ ಸದಸ್ಯರ ಮನೆಗಳಿಗೆ ಕ್ಯಾಮರಾ ಬಂದಿರುವುದರಿಂದ, ಈ ಬಿಡುವಿನ ದಿನಗಳಲ್ಲಿ ಹಕ್ಕಿಗಳ ಒಡನಾಟದ ಚಿತ್ರ ತೆಗೆಯುವ ಬಗೆಯನ್ನು ಕುರಿತು ನಾವು ಕಲಿತಷ್ಟನ್ನು ಇಲ್ಲಿ ಹೇಳುತ್ತೇವೆ.

ಒಡನಾಟವೆಂದರೆ ಏನು?

ಕೊಂಬೆಯ ಮೇಲೆ ಸುಮ್ಮನೆ ಕುಳಿತ ಒಂಟಿ ಹಕ್ಕಿಯ ಚಿತ್ರ ಗುರುತಿನ ಚೀಟಿಯ ಭಾವಚಿತ್ರವಿದ್ದಂತೆ. ಅದು ಯಾವ ಹಕ್ಕಿ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಎರಡು ಹಕ್ಕಿಗಳ ನಡುವೆ ಏನಾದರೂ ನಡೆದಾಗ ಅವುಗಳ ಬದುಕು ತಿಳಿಯುತ್ತದೆ. ಹೂಗೊಂಚಲಿಗಾಗಿ ಕಾದಾಡುವ ಗೊರವಂಕಗಳು, ತನಗಿಂತ ಎಷ್ಟೋ ದೊಡ್ಡದಾದ ಗಿಡುಗನನ್ನು ಅಟ್ಟಿಕೊಂಡು ಹೋಗುವ ಕಾಜಾಣ, ಅತ್ತಿಯ ಮರದಲ್ಲಿ ಹೆಣ್ಣಿಗೆ ಹಣ್ಣು ಕೊಡುವ ಮಂಗಟ್ಟೆ, ರೆಕ್ಕೆ ನಡುಗಿಸುತ್ತ ತುತ್ತು ಬೇಡುವ ಪಿಕಳಾರದ ಮರಿ, ಇವೆಲ್ಲ ಒಡನಾಟದ ಕ್ಷಣಗಳೇ.

ಇಂತಹ ಕ್ಷಣ ಅಕಸ್ಮಾತ್ತಾಗಿ ಸಿಗುವುದು ಅಪರೂಪ. ನೆಲೆಯ ಪರಿಚಯ ಇದ್ದವರಿಗೆ ಸಿಗುತ್ತದೆ. ನಮ್ಮ ಜಿಲ್ಲೆಯವರೇ ಆದ, ಮೂಡಿಗೆರೆಯ ಕಾಫಿ ಬೆಳೆಗಾರ ಶ್ರೀ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ತೋಟದ ಬದುಕಿನ ನಡುವೆಯೇ ಹಕ್ಕಿಗಳನ್ನು ನೋಡಿ, ಚಿತ್ರ ತೆಗೆದು, ‘ಹಕ್ಕಿಪುಕ್ಕ’ದಂತಹ ಪುಸ್ತಕ ಬರೆದರು. ಎರಡು ದಿನ ಬಂದು ಹೋಗುವ ಪ್ರವಾಸಿಗೆ ಇಲ್ಲದ ಅನುಕೂಲ ತೋಟದಲ್ಲೇ ವಾಸಿಸುವ ನಮಗಿದೆ. ಯಾವ ಮರ ಯಾವಾಗ ಹೂ ಬಿಡುತ್ತದೆ, ಯಾವ ಬಸರಿಯಲ್ಲಿ ಹಣ್ಣು ಕೆಂಪಾಗಿದೆ ಎಂಬುದು ನಮಗೆ ಗೊತ್ತು.

ಅನುಸರಿಸಬೇಕಾದ ಕ್ರಮ

1. ಹಕ್ಕಿಯ ಹಿಂದೆ ಓಡಬಾರದು. ಹೂವೋ ಹಣ್ಣೋ ಇರುವ ಒಂದು ಮರವನ್ನು ಆರಿಸಿಕೊಂಡು ಅದರ ಎದುರಿಗೆ ಕೂರಬೇಕು. ಇಳಿಜಾರು ತೋಟದಲ್ಲಿ ಮೇಲಿನ ದಾರಿಯ ಅಂಚಿನಲ್ಲಿ ಕುಳಿತರೆ ಕೆಳಗಿನ ಮರದ ನೆತ್ತಿ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಸೂರ್ಯ ಬೆನ್ನ ಹಿಂದೆ ಇರಲಿ.

2. ಮೊದಲ ಎರಡು ದಿನ ಕ್ಯಾಮರಾ ಇಲ್ಲದೆ ನೋಡಬೇಕು. ಹಕ್ಕಿಗಳು ಬರುವ ಹೊತ್ತನ್ನೂ ಮೊದಲು ಕೂರುವ ಕೊಂಬೆಯನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು.

3. ಮುನ್ಸೂಚನೆಗಳನ್ನು ಕಲಿಯಬೇಕು. ಕುಳಿತ ಹಕ್ಕಿ ಮೈ ತಗ್ಗಿಸಿ, ಕೊಕ್ಕು ತೆರೆದು ಇನ್ನೊಂದರ ಕಡೆ ತಿರುಗಿದರೆ ಜಗಳ ಹತ್ತಿರವಿದೆಯೆಂದು ತಿಳಿಯಬೇಕು. ಆಗಲೇ ಗುಂಡಿ ಒತ್ತಲು ಆರಂಭಿಸಬೇಕು. ಜಗಳ ಕಂಡ ಮೇಲೆ ಒತ್ತಿದರೆ ಚಿತ್ರದಲ್ಲಿ ಬರಿಯ ಕೊಂಬೆ ಉಳಿದಿರುತ್ತದೆ.

4. ಎರಡೂ ಹಕ್ಕಿಗಳ ಕಣ್ಣು ಸ್ಪಷ್ಟವಾಗಿ ಮೂಡಬೇಕಾದರೆ ಎರಡೂ ಕ್ಯಾಮರಾದಿಂದ ಒಂದೇ ದೂರದಲ್ಲಿರಬೇಕು. ಆದ್ದರಿಂದ ನಮಗೆ ಅಡ್ಡಲಾಗಿ ಚಾಚಿದ ಕೊಂಬೆಯನ್ನು ಆರಿಸಿಕೊಳ್ಳಬೇಕು. ಬೆಳಕು ಸಾಕಷ್ಟಿದ್ದರೆ ಎಫ್ 8 ಒಳ್ಳೆಯದು.

5. ಹಾರಾಟ, ಕಾದಾಟಕ್ಕೆ ಷಟರ್ ವೇಗ ಸೆಕೆಂಡಿನ 1/2000 ಬೇಕು. ಕುಳಿತು ತುತ್ತು ಕೊಡುವುದಕ್ಕೆ 1/500 ಸಾಕಾಗುತ್ತದೆ. ನೆರಳಿನಲ್ಲಿ ಐ.ಎಸ್.ಓ. 1600ರಿಂದ 3200ರವರೆಗೆ ಏರಿಸಲು ಅಂಜಬೇಕಾಗಿಲ್ಲ. ಬಿಳಿಯ ಆಕಾಶದ ಎದುರು ಕಾಜಾಣದಂತಹ ಕಪ್ಪು ಹಕ್ಕಿಯಿದ್ದರೆ ಬೆಳಕನ್ನು ಒಂದು ಸ್ಟಾಪ್ ಹೆಚ್ಚಿಸಿಕೊಳ್ಳಬೇಕು.

6. ಎರಡು ಹಕ್ಕಿಗಳ ಸುತ್ತ ಸ್ವಲ್ಪ ಜಾಗ ಬಿಟ್ಟೇ ಚಿತ್ರ ತೆಗೆಯಬೇಕು. ಬಿಚ್ಚಿದ ರೆಕ್ಕೆಗೆ ಸ್ಥಳ ಬೇಕಾಗುತ್ತದೆ.

ನಾವು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ, ಚಿಗುರು ತೆಗೆಸುವ ಕಾಲದಲ್ಲಿ, ಕಾಫಿ ಗಿಡವೊಂದರಲ್ಲಿ ಸೊಂಟದೆತ್ತರಕ್ಕೆ ಪಿಕಳಾರದ ಗೂಡು ಕಂಡಿತು. ಒಳಗೆ ಎರಡು ಮರಿಗಳಿದ್ದವು. ಎಲೆಗಳು ಅಡ್ಡವಾಗಿದ್ದುದರಿಂದ ಎದುರಿನ ರೆಕ್ಕೆಗಳನ್ನು ಹಗ್ಗದಿಂದ ಪಕ್ಕಕ್ಕೆ ಎಳೆದು ಕಟ್ಟಿದೆವು. ತಾಯಿ ತಂದೆ ಎರಡೂ ಹುಳ ತಂದು ಉಣಿಸುವ ಚಿತ್ರಗಳು ಚೆನ್ನಾಗಿಯೇ ಬಂದವು. ಸಂಜೆ ಹಗ್ಗ ಬಿಚ್ಚಲು ಮರೆತೆವು. ಮರುದಿನ ಬೆಳಿಗ್ಗೆ ಗೂಡು ಬರಿದಾಗಿತ್ತು, ಪಕ್ಕದ ಪೊದೆಯಲ್ಲಿ ಕೆಂಬೂತ ಕೂಗುತ್ತಿತ್ತು. ನಮ್ಮಲ್ಲಿ ಬಹುಕಾಲದಿಂದ ಕೆಲಸ ಮಾಡುವ ಹಿರಿಯರೊಬ್ಬರು, “ಅಯ್ಯಾ, ಬಾಗಿಲು ತೆಗೆದಿಟ್ಟು ಬಂದ್ರಲ್ಲ, ಕೆಂಬೂತ ನೋಡ್ದೆ ಇರುತ್ತಾ?” ಎಂದರು. ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ. ಆ ಚಿತ್ರವನ್ನು ನಾವು ಗೋಡೆಗೆ ಹಾಕಲಿಲ್ಲ.

ಹಿಂದೆ ಫಿಲಂ ನಿಧಾನವಾಗಿತ್ತು, ಒಂದು ಸುರುಳಿಗೆ 36 ಚಿತ್ರಗಳಷ್ಟೇ. ಹಕ್ಕಿ ಮರಳಿ ಬರುವುದು ಖಚಿತವಾದ ಜಾಗವೆಂದರೆ ಗೂಡು. ಆದ್ದರಿಂದಲೇ ಆ ಕಾಲದ ಛಾಯಾಗ್ರಾಹಕರು ಹೆಚ್ಚಾಗಿ ಗೂಡಿನ ಬಳಿ ಮರೆ ಕಟ್ಟಿ ಕೂರುತ್ತಿದ್ದರು. ಇಂದಿನ ಕ್ಯಾಮರಾಗಳಿಗೆ ಆ ಅಡಚಣೆ ಇಲ್ಲ. ಹೂವಿನ ಮರದಲ್ಲೇ ಬೇಕಾದಷ್ಟು ಒಡನಾಟ ಸಿಗುವಾಗ ಗೂಡಿಗೆ ಹೋಗುವ ಕಾರಣವೂ ಇಲ್ಲ. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡನ್ನು ಕದಡುವುದನ್ನೂ ಬೇಟೆಯೆಂಬ ಪದದ ಅರ್ಥದೊಳಗೇ ಸೇರಿಸಿದೆ.

ಎರಡು ಹಕ್ಕಿಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮೊದಲನೆಯದು ಮಂಗಟ್ಟೆ. ಮರದ ಪೊಟರೆಯಲ್ಲಿ ಹೆಣ್ಣು ಬಾಗಿಲು ಮುಚ್ಚಿಕೊಂಡು ಕೂತರೆ, ಸಣ್ಣ ಸೀಳಿನ ಮೂಲಕ ಗಂಡು ತಂದುಕೊಡುವ ಆಹಾರವೇ ಅದಕ್ಕೂ ಮರಿಗಳಿಗೂ ಆಧಾರ. ನಮ್ಮನ್ನು ಕಂಡು ಗಂಡು ದೂರ ಉಳಿದರೆ ಒಳಗಿನವುಗಳಿಗೆ ಉಪವಾಸವೇ ಗತಿ. ಎರಡನೆಯದು ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ, ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಮರಿ ಮಾಡುವ ರಿವರ್ ಟರ್ನ್. ಗಂಡು ಮೀನು ಹಿಡಿದು ತಂದು ಹೆಣ್ಣಿಗೆ ಒಪ್ಪಿಸುವ ದೃಶ್ಯಕ್ಕಾಗಿ ದೂರದೂರದಿಂದ ಛಾಯಾಗ್ರಾಹಕರು ಬರುತ್ತಾರೆ. ಮೊಟ್ಟೆಗಳು ಬರಿನೆಲದ ಮೇಲೆ ಇರುತ್ತವೆ. ದೋಣಿ ತೀರ ಹತ್ತಿರ ಹೋಗಿ ಹಕ್ಕಿ ಎದ್ದರೆ ಸುಡುಬಿಸಿಲು ನೇರ ಮೊಟ್ಟೆಯ ಮೇಲೆ ಬೀಳುತ್ತದೆ. ದೂರದಿಂದಲೇ ನೋಡಬೇಕು. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಲೇಬಾರದು.

ಮರಗಸಿಯ ಕಾಲದಲ್ಲಿ

ಕೊನೆಯದಾಗಿ ಒಂದು ಮಾತು. ಒಳ್ಳೆಯ ಚಿತ್ರಕ್ಕೆ ಲೆನ್ಸಿಗಿಂತ ಮೊದಲು ಬೇಕಾದುದು ಮರ. ತೋಟದಲ್ಲೆಲ್ಲ ಸಿಲ್ವರ್ ಒಂದೇ ಉಳಿದರೆ ಹಣ್ಣು ತಿನ್ನುವ ಕುಟ್ರಹಕ್ಕಿಗೂ ಮಂಗಟ್ಟೆಗೂ ಅಲ್ಲಿ ಏನು ಕೆಲಸ? ಮುಂದಿನ ಮರಗಸಿಗೆ ಮುನ್ನ ತೋಟವನ್ನೊಮ್ಮೆ ಸುತ್ತಿ, ಅತ್ತಿ, ಗೋಣಿ, ಬಸರಿಯ ಮರಗಳಿಗೂ ಪೊಟರೆಯಿರುವ ಹಳೆಯ ಮರಗಳಿಗೂ ಸುಣ್ಣದ ಗುರುತು ಹಾಕಿ, ಅವನ್ನು ಮುಟ್ಟಬಾರದೆಂದು ಕೆಲಸದವರಿಗೆ ತಿಳಿಸಿರಿ. ಗೂಡಿರುವ ಕಾಫಿ ಗಿಡ ಸಿಕ್ಕರೆ ಮರಿ ಹಾರುವವರೆಗೆ ಅದೊಂದು ಗಿಡವನ್ನು ಬಿಟ್ಟು ಮುಂದಕ್ಕೆ ಹೋಗಲಿ. ಒಂದು ಗಿಡದ ಚಿಗುರು ಕೆಲವು ವಾರ ತಡವಾದರೆ ನಮಗೆ ಬರುವ ನಷ್ಟ ಏನೇನೂ ಇಲ್ಲ.