ಹಾಯುವ ಎತ್ತೂ ಕಂದು ಹಾಕಿದ ಹಸುವೂ

(ಓದತಕ್ಕ ಭಾಗ: ವಿಮೋಚನಕಾಂಡ ೨೧:೨೮–೩೬)

ಮೋಶೆಯ ಧರ್ಮಶಾಸ್ತ್ರದಲ್ಲಿ ಹಾಯುವ ಎತ್ತಿನ ವಿಷಯವಾಗಿ ಒಂದು ವಿಧಿಯುಂಟು. ಎತ್ತಿನ ಗುಣವನ್ನು ತಿಳಿಯದ ಯಜಮಾನನಿಗೆ ಒಂದು ತೀರ್ಪು. ತಿಳಿದೂ ಕಟ್ಟದೆ ಬಿಟ್ಟವನಿಗೆ ಬೇರೊಂದು ತೀರ್ಪು. ಕೊಂಬಿನ ಹಾನಿಯು ಕಣ್ಣಿಗೆ ಕಾಣುವದು. ಹಾಲಿನ ಹಾನಿಯಾದರೋ ಕಾಣದು. ಅದನ್ನು ಪರೀಕ್ಷಿಸಿ ತಿಳಿಸುವವನು ಪಶುವೈದ್ಯನು.

ಕಂದುರೋಗವನ್ನು ನೋಡಿರಿ. ವೈದ್ಯರು ಇದನ್ನು ಬ್ರೂಸೆಲ್ಲೋಸಿಸ್ ಎನ್ನುವರು. ಗಬ್ಬದ ಹಸು ಆರೇಳು ತಿಂಗಳಾದ ಮೇಲೆ ಕಂದು ಹಾಕುವದು; ಮಾಸು ಬೀಳುವದಕ್ಕೆ ತಡವಾಗುವದು. ಬಳಿಕ ಹಸು ಎಂದಿನಂತೆ ಮೇಯುವದು, ಹಾಲನ್ನೂ ಕೊಡುವದು. ಮನೆಯವರು ದೃಷ್ಟಿ ತಗಲಿತೆಂದು ಸುಮ್ಮನಾಗುವರು (ಕ್ರೈಸ್ತರ ಬಾಯಲ್ಲಿಯೂ ಈ ಮಾತು ಇನ್ನೂ ಕೇಳಬರುವದು ವ್ಯಸನಕರವೇ), ಇಲ್ಲವೆ ಸಂತೆಗೆ ಹೊಡೆದುಕೊಂಡು ಹೋಗಿ ಮಾರುವರು. ಆದರೆ ಅದರ ಹಸಿ ಹಾಲನ್ನು ಕುಡಿದವರಿಗೂ ಬರಿಗೈಯಿಂದ ಮಾಸನ್ನು ತೆಗೆದವರಿಗೂ ರೋಗವು ಅಂಟಬಹುದು. ಏರಿಳಿಯುವ ಜ್ವರ, ಬೆವರು, ಕೀಲುಗಳ ಮತ್ತು ಸೊಂಟದ ನೋವು ತಿಂಗಳುಗಟ್ಟಲೆ ಬಾಧಿಸುವವು. ನೊರೆಹಾಲು ಬಲವೆಂದು ಮಕ್ಕಳಿಗೆ ಹಸಿಯಾಗಿ ಕೊಡುವ ವಾಡಿಕೆಯನ್ನು ಬಿಡತಕ್ಕದ್ದು.

ಪೌಲನು ಹಡಗೊಡೆದು ದಡ ಸೇರಿದ ಮೆಲೀತೆ ದ್ವೀಪವೇ ಈಗಿನ ಮಾಲ್ಟಾ. ಅಲ್ಲಿ ಸಿಪಾಯಿಗಳನ್ನು ಕೊಲ್ಲುತ್ತಿದ್ದ ಜ್ವರದ ಸೂಕ್ಷ್ಮಜೀವಿಯನ್ನು ೧೮೮೭ರಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯನು ಕಂಡುಹಿಡಿದನು. ಆದರೂ ಅದು ಬರುವ ದಾರಿ ಬಹುಕಾಲ ತಿಳಿಯಲಿಲ್ಲ. ೧೯೦೫ರಲ್ಲಿ ತೆಮಿಸ್ಟೊಕ್ಲಿಸ್ ಜಾಮಿತ್ ಎಂಬವನು ಆಡುಗಳ ರಕ್ತವನ್ನು ಪರೀಕ್ಷಿಸಲು, ನೋಟಕ್ಕೆ ಆರೋಗ್ಯವಾಗಿದ್ದ ಆಡುಗಳಲ್ಲಿಯೇ ರೋಗವು ತೋರಿಬಂತು. ಮರುವರುಷ ಸಿಪಾಯಿಗಳಿಗೆ ಆಡಿನ ಹಾಲನ್ನು ನಿಲ್ಲಿಸಿದರು. ಜ್ವರವೂ ಬೇಗನೆ ತಗ್ಗಿತು.

ನಮ್ಮ ಬೆಂಗಳೂರಿನ ದಕ್ಷಿಣ ಭಾಗಕ್ಕೆ ಬರೋಣ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಹಳ್ಳಿಗಳ ಹೆಸರಿನಿಂದ ಬಿ.ಟಿ.ಎಂ. ಬಡಾವಣೆಯಾಯಿತು, ಹೆಸರುಗಳು ಅಕ್ಷರಗಳಾದವು, ಹಟ್ಟಿಗಳು ಕಡಿಮೆಯಾದವು. ಸಮೀಪದ ಆಡುಗೋಡಿಯಲ್ಲಿ ೧೯೨೩ರಲ್ಲಿ ಸರ್ಕಾರದ ಹೈನುಗಾರಿಕೆಯ ಸಂಸ್ಥೆಯು ಸ್ಥಾಪಿತವಾಯಿತು. ೧೯೨೭ರಲ್ಲಿ ಗಾಂಧಿಯವರು ಅಲ್ಲಿಗೆ ಹೋಗಿ ಗೋಪಾಲನೆಯ ಕ್ರಮವನ್ನು ಕಲಿತರು. ೧೯೫೫ರಲ್ಲಿ ಮುಖ್ಯ ಸಂಸ್ಥೆಯು ಕರ್ನಾಲಿಗೆ ಹೋಯಿತು. ದಕ್ಷಿಣದ ಕೇಂದ್ರವು ಇಲ್ಲಿ ಉಳಿದಿದೆ. ಡೈರಿಗಳಲ್ಲಿ ಹಾಲನ್ನು ೭೨ ಡಿಗ್ರಿ ಶಾಖದಲ್ಲಿ ೧೫ ಸೆಕೆಂಡು ಕಾಯಿಸಿ ಈ ಜೀವಿಯನ್ನು ಕೊಲ್ಲುವರು. ಹಟ್ಟಿಯಿಂದ ನೇರವಾಗಿ ಬಾಗಿಲಿಗೆ ಬರುವ ಹಾಲಿಗಾದರೋ ಗೃಹಿಣಿಯ ಒಲೆಯೊಂದೇ ಕಾವಲು. ಅದು ಉಕ್ಕಿ ಬರುವ ವರೆಗೂ ಕಾಯಬೇಕು.

ಪಶುವೈದ್ಯನ ಪರೀಕ್ಷೆಯು ಕಠಿಣವಾದದ್ದಲ್ಲ. ಹಾಲಿಗೆ ಬಣ್ಣದ ಔಷಧವೊಂದನ್ನು ಬೆರಸಿ ಬೆಚ್ಚಗೆ ಇಡುವನು; ಕೆನೆಯಲ್ಲಿ ನೀಲಿ ಬಳೆ ಮೂಡಿದರೆ ಸಂಶಯಕ್ಕೆ ಎಡೆಯಾಗುವದು, ಆಗ ರಕ್ತವನ್ನೂ ಪರೀಕ್ಷಿಸುವನು.

ರೋಗವುಂಟೆಂದು ತಿಳಿದ ಮೇಲೆ ಬಡವನು ಮಾಡುವದೇನು? ಆ ಒಂದೇ ಹಸು ಅವನ ಜೀವನವಾಗಿರಬಹುದು. ಪಶುವನ್ನು ಗುಣಪಡಿಸುವ ಭರವಸೆಯ ಮದ್ದೂ ಇಲ್ಲ. ಇದು ಭಾರವಾದ ಸಂಗತಿಯೇ. ಆದರೂ ತಿಳಿಸದೆ ಮಾರುವವನು ಹಾಯುವ ಎತ್ತನ್ನು ನೆರೆಯವನ ಅಂಗಳಕ್ಕೆ ಬಿಟ್ಟವನಿಗೆ ಸಮಾನನು. ಹಸುವನ್ನು ಬೇರೆ ಕಟ್ಟಿ, ವೈದ್ಯನ ಮಾತಿನಂತೆ ನಡೆಯಬೇಕು. ಕಂದನ್ನೂ ಮಾಸನ್ನೂ ನಾಯಿಗಳಿಗೆ ಎಸೆಯದೆ, ಕೈಗವಸು ಹಾಕಿಕೊಂಡು ಸುಣ್ಣದೊಂದಿಗೆ ಆಳವಾಗಿ ಹೂಳಬೇಕು; ಬಸುರಿಯರು ಹತ್ತಿರ ಹೋಗಬಾರದು.

ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಂದೇ ಸಾರಿ ಲಸಿಕೆ ಹಾಕಿಸಿರಿ. ೨೦೧೯ರಲ್ಲಿ ಕೇಂದ್ರ ಸರ್ಕಾರವು ಇದಕ್ಕಾಗಿ ಕಾರ್ಯಕ್ರಮವನ್ನು ಆರಂಭಿಸಿತು. ಲಸಿಕೆಯಲ್ಲಿ ಜೀವವುಳ್ಳ ಅಣುಗಳಿರುವದರಿಂದ ಅದನ್ನು ಪಶುವೈದ್ಯನ ಕೈಯಿಂದಲೇ ಹಾಕಿಸತಕ್ಕದ್ದು.