ವಿದ್ಯಾರ್ಥಿಗಳಿಗೆ ಕಾರ್ಯಾನುಭವ: ಸಣ್ಣ ಉದ್ದಿಮೆದಾರರು ತಿಳಿದಿರಬೇಕಾದುದು

ಸೆಮಿಸ್ಟರ್ ಪರೀಕ್ಷೆಗಳು ಮುಗಿಯುತ್ತಿದ್ದಂತೆಯೇ ಪ್ರಾಂಶುಪಾಲರ ಪತ್ರ ಹಿಡಿದ ವಿದ್ಯಾರ್ಥಿಗಳು ನಮ್ಮ ಕೈಗಾರಿಕಾ ವಸಾಹತುಗಳಿಗೂ ಪೇಟೆಯ ಸಗಟು ಮಳಿಗೆಗಳಿಗೂ ಬರತೊಡಗುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಬಿ.ಇ. ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾಗಿದ್ದು, ಅದಕ್ಕೆ ಕ್ರೆಡಿಟ್‌ಗಳು ಸಲ್ಲುತ್ತವೆ. ವಾಣಿಜ್ಯ ಹಾಗೂ ನಿರ್ವಹಣಾ ಶಾಸ್ತ್ರದ ವಿದ್ಯಾರ್ಥಿಗಳೂ ಪ್ರಾಜೆಕ್ಟ್ ವರದಿಗಾಗಿ ಬರುವುದುಂಟು. ಬಹುಪಾಲು ಸಂದರ್ಭಗಳಲ್ಲಿ ಅವರು ಕೇಳುವುದು ಒಂದು ಪ್ರಮಾಣಪತ್ರವನ್ನು. ನಾವು ಕೊಡುವುದೂ ಅದನ್ನಷ್ಟೇ.

ಈ ಲೇಖಕನೂ ಅದಕ್ಕೆ ಹೊರತಲ್ಲ. ಕೆಲವು ವರ್ಷಗಳ ಹಿಂದೆ ಪರಿಚಿತರ ಶಿಫಾರಸಿನ ಮೇರೆಗೆ ಮೆಕ್ಯಾನಿಕಲ್ ವಿಭಾಗದ ಹುಡುಗನೊಬ್ಬ ನಮ್ಮ ಎರಕದ ಘಟಕಕ್ಕೆ ಬಂದಿದ್ದ. ಕುರ್ಚಿ ತೋರಿಸಿದೆವು, ಚಹಾ ಕೊಟ್ಟೆವು, ನಾಲ್ಕು ವಾರ ಕಳೆದ ಮೇಲೆ ‘ತೃಪ್ತಿಕರ’ ಎಂದು ಬರೆದು ಮೊಹರು ಒತ್ತಿದೆವು. ಮರುವರ್ಷ ಉದ್ಯಮಿ ಮಿತ್ರರೊಬ್ಬರು ದೂರವಾಣಿಯಲ್ಲಿ, “ನಿಮ್ಮಲ್ಲಿ ಒಂದು ತಿಂಗಳು ಇದ್ದನಂತಲ್ಲ, ಏನು ಕೆಲಸ ಮಾಡಿದ?” ಎಂದು ವಿಚಾರಿಸಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನಿಗೆ ಆ ಹುದ್ದೆ ದೊರೆಯಲಿಲ್ಲ. ಪದವೀಧರರಿಗೆ ಕೆಲಸ ಬಾರದೆಂದು ಸಭೆಗಳಲ್ಲಿ ಆಕ್ಷೇಪಿಸುವವರಲ್ಲಿ ನಾನೂ ಒಬ್ಬ. ಅಂದಿನಿಂದ ಆ ಮಾತನ್ನು ತುಸು ತಗ್ಗಿದ ದನಿಯಲ್ಲಿಯೇ ಆಡುತ್ತಿದ್ದೇನೆ.

ವಾಸ್ತವವಾಗಿ, ಕಲಿಯಲು ಸಣ್ಣ ಘಟಕಕ್ಕಿಂತ ಅನುಕೂಲವಾದ ಸ್ಥಳ ಅಪರೂಪ. ಬೃಹತ್ ಕಾರ್ಖಾನೆಯಲ್ಲಿ ವಿದ್ಯಾರ್ಥಿಯು ಒಂದು ವಿಭಾಗವನ್ನಷ್ಟೇ ಕಂಡಾನು. ನಮ್ಮಲ್ಲಿ ಗ್ರಾಹಕರ ವಿಚಾರಣೆ, ದರಪಟ್ಟಿ, ಕಚ್ಚಾ ಸಾಮಗ್ರಿಯ ಖರೀದಿ, ಉತ್ಪಾದನೆ, ರವಾನೆ, ಬಾಕಿ ವಸೂಲಿ ಇವೆಲ್ಲವೂ ಒಂದೇ ಸೂರಿನಡಿ ನಡೆಯುತ್ತವೆ. ಕೊರತೆಯಿರುವುದು ಒಂದರಲ್ಲಿ ಮಾತ್ರ: ಬಂದವನಿಗೆ ಆರಂಭ ಮತ್ತು ಅಂತ್ಯವುಳ್ಳ ನಿಶ್ಚಿತ ಕೆಲಸವನ್ನು ನಾವು ಒಪ್ಪಿಸುವುದಿಲ್ಲ.

ಎರಕದ ಉದಾಹರಣೆಯನ್ನೇ ನೋಡೋಣ. ತಿರಸ್ಕೃತ ಎರಕಗಳು ಮರಳಿ ಕುಲುಮೆಗೆ ಹೋಗುತ್ತವೆ. ಕಾರಣ ದಾಖಲಾಗುವುದು ವಿರಳ. ಈಗ ಬರುವ ವಿದ್ಯಾರ್ಥಿಗೆ ನಾವು ಒಪ್ಪಿಸುವುದು ಈ ದಾಖಲೆಯನ್ನೇ. ಪ್ರತಿ ತಿರಸ್ಕೃತ ಎರಕದ ಹೀಟ್ ಸಂಖ್ಯೆ, ಪಾಳಿ, ಮರಳಿನ ತೇವಾಂಶ, ಲೋಹ ಸುರಿದಾಗಿನ ಉಷ್ಣತೆ ಮತ್ತು ದೋಷದ ಬಗೆಯನ್ನು ಅವನು ಬರೆದಿಡಬೇಕು. ಬ್ಲೋಹೋಲ್ ಕಂಡರೆ ಮರಳಿನ ತೇವದತ್ತ, ಕೋಲ್ಡ್ ಶಟ್ ಕಂಡರೆ ಲೋಹದ ಉಷ್ಣತೆಯತ್ತ, ಕುಗ್ಗುವಿಕೆಯ ಪೊಳ್ಳು ಕಂಡರೆ ರೈಸರ್‌ನತ್ತ ಮೊದಲು ದೃಷ್ಟಿ ಹಾಯಿಸಬೇಕೆಂಬುದು ಪಠ್ಯಪುಸ್ತಕದಲ್ಲಿಯೂ ಇದೆ. ಆದರೆ ಅಚ್ಚು ಕಟ್ಟುವ ಹಿರಿಯ ಕೆಲಸಗಾರನು ಮರಳನ್ನು ಮುಷ್ಟಿಯಲ್ಲಿ ಹಿಡಿದು ಹೇಳುವುದಕ್ಕೂ ತೇವಮಾಪಕವು ತೋರಿಸುವುದಕ್ಕೂ ತಾಳೆ ನೋಡುವ ಅವಕಾಶ ತರಗತಿಯಲ್ಲಿ ದೊರೆಯದು. ಮೂರನೆಯ ವಾರದಲ್ಲಿ ಆ ಅಂಕಿಗಳನ್ನು ಪರೇಟೋ ನಕ್ಷೆಯಾಗಿ ಬರೆಸಿದರೆ, ಯಾವ ದೋಷದಿಂದ ಹೆಚ್ಚು ನಷ್ಟವೆಂಬುದು ಮಾಲೀಕನಿಗೂ ಮೊದಲ ಬಾರಿಗೆ ಕಣ್ಣಿಗೆ ಕಾಣುತ್ತದೆ.

ವಾಣಿಜ್ಯ ವಿದ್ಯಾರ್ಥಿಗಳಿಗೆ ಕೆಲಸ ಇನ್ನೂ ಸುಲಭವಾಗಿ ದೊರೆಯುತ್ತದೆ. ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ತಃಖ್ತೆಯೊಡನೆ ತಾಳೆ ನೋಡಿ, ಸರಬರಾಜುದಾರರು ನಮೂದಿಸದೆ ಬಿಟ್ಟ ಬಿಲ್ಲುಗಳ ಪಟ್ಟಿ ಮಾಡುವುದು ಒಂದು. ಬಾಕಿದಾರರ ಪಟ್ಟಿಯನ್ನು ದಿನಗಳ ಲೆಕ್ಕದಲ್ಲಿ ವಿಂಗಡಿಸುವುದು ಇನ್ನೊಂದು. 2006ರ ಎಂಎಸ್‌ಎಂಇ ಅಭಿವೃದ್ಧಿ ಅಧಿನಿಯಮದಂತೆ ಸೂಕ್ಷ್ಮ ಮತ್ತು ಸಣ್ಣ ಸರಬರಾಜುದಾರರಿಗೆ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. ವಿಳಂಬಕ್ಕೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ಕೇಳಬಹುದು. ಬಡ್ಡಿ ಕೇಳುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿದೆಯೋ, ಅದು ಬೇರೆ ಮಾತು. ಆದರೆ ಅವಧಿ ಮೀರಿದ ಮೊತ್ತವೆಷ್ಟೆಂದು ತಿಳಿದಿರುವುದು ಲೇಸು. ಗ್ರಾಹಕರ ದರಗಳನ್ನೂ ಪಾಸ್‌ವರ್ಡ್‌ಗಳನ್ನೂ ಮಾತ್ರ ವಿದ್ಯಾರ್ಥಿಗಳ ಕೈಗೆ ಕೊಡತಕ್ಕದ್ದಲ್ಲ.

ಕಾನೂನಿನ ವಿಷಯದಲ್ಲಿ ಸದಸ್ಯರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಾಲೇಜಿನ ಇಂಟರ್ನ್‌ಶಿಪ್ ಬೇರೆ, 1961ರ ಶಿಶಿಕ್ಷು ಅಧಿನಿಯಮದನ್ವಯ ನೀಡುವ ತರಬೇತಿ ಬೇರೆ. ಎರಡನೆಯದಕ್ಕೆ ನೋಂದಾಯಿತ ಕರಾರು ಬೇಕು, ಶಿಷ್ಯವೇತನ ಕೊಡಬೇಕು. 2014ರ ತಿದ್ದುಪಡಿಯು ಅದನ್ನು ಎಂಜಿನಿಯರಿಂಗ್ ಹೊರತಾದ ಪದವೀಧರರಿಗೂ ತೆರೆಯಿತು. 2019ರ ತಿದ್ದುಪಡಿ ನಿಯಮಗಳಂತೆ, ಗುತ್ತಿಗೆ ನೌಕರರನ್ನೂ ಸೇರಿಸಿ 30 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗೆ ಇದು ಕಡ್ಡಾಯವಾಗಿದ್ದು, ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. 4ರಿಂದ 29 ಮಂದಿ ಇದ್ದಲ್ಲಿ ಅದು ಐಚ್ಛಿಕ. ತಾವು ಸಣ್ಣವರೆಂದು ಭಾವಿಸಿ ಗುತ್ತಿಗೆಯವರನ್ನು ಎಣಿಸದೆ ಬಿಟ್ಟವರು ಮತ್ತೊಮ್ಮೆ ಎಣಿಸಿ ನೋಡುವುದು ಒಳಿತು. ಶಿಶಿಕ್ಷುವು ಕಾನೂನಿನ ದೃಷ್ಟಿಯಲ್ಲಿ ತರಬೇತಿದಾರನೇ ಹೊರತು ಕಾರ್ಮಿಕನಲ್ಲ; ಆದರೂ ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದೇ.

ಇಂಟರ್ನ್‌ಶಿಪ್‌ಗೆ ಬರುವವರ ಅಪಘಾತ ವಿಮೆಯ ವಿಷಯವನ್ನು ಕಾಲೇಜಿನಿಂದ ಮೊದಲೇ ಲಿಖಿತವಾಗಿ ಕೇಳಿ ಪಡೆಯಿರಿ. ಅವರನ್ನು ಯಂತ್ರದ ಮೇಲೆ ನಿಲ್ಲಿಸಬೇಡಿ. ಬಾರದ ಕೂಲಿಯವರ ಬದಲಿಗೆ ಮೂಟೆ ಹೊರಿಸಲೂಬೇಡಿ.

ಪ್ರಮಾಣಪತ್ರದಲ್ಲಿ ಮಾಡಿದ ಕೆಲಸದ ಹೆಸರು, ಹಾಜರಾದ ದಿನಗಳು, ಬಳಸಿದ ಉಪಕರಣ ಅಥವಾ ತಂತ್ರಾಂಶ, ಕೊನೆಗೆ ಸಿದ್ಧವಾದ ದಾಖಲೆ ಇಷ್ಟನ್ನು ನಮೂದಿಸಿದರೆ ಸಾಕು, ಹೊಗಳಿಕೆ ಬೇಕಿಲ್ಲ. ನಮ್ಮ ಘಟಕದಲ್ಲಿ ಈಗ ಪ್ರತಿ ಪ್ರಮಾಣಪತ್ರದ ನಕಲಿಗೆ ಆ ವಿದ್ಯಾರ್ಥಿ ಬರೆದ ಕೋಷ್ಟಕದ ಪ್ರತಿಯನ್ನು ಲಗತ್ತಿಸಿ ಕಡತದಲ್ಲಿ ಇಡುತ್ತಿದ್ದೇವೆ. ಕಳೆದ ಬಾರಿ ಇಂಥದೇ ವಿಚಾರಣೆಯ ದೂರವಾಣಿ ಬಂದಾಗ, ಕಡತ ತೆಗೆದು ಹತ್ತು ನಿಮಿಷ ಮಾತನಾಡಲು ಸಾಧ್ಯವಾಯಿತು.